ಹೆಬ್ಬೆರಳ ಬುಡದ ನೋವಿಗೆ ಕೀಹೋಲ್ ಆಪರೇಷನ್ ಬೇಕೇ?

ಕಾಯಿ ತುರಿಯುವಾಗ, ಡಬ್ಬಿಯ ಮುಚ್ಚಳ ತಿರುಗಿಸುವಾಗ ಹೆಬ್ಬೆರಳ ಬುಡದಲ್ಲಿ ಚುಳುಕ್ಕೆನ್ನುತ್ತದೆ, ಕೀಹೋಲ್ ಆಪರೇಷನ್ ಮಾಡಿಸಬಹುದೇ ಎಂದು 58ರ ಓದುಗರೊಬ್ಬರು ಕೇಳಿದ್ದಾರೆ.

ಬೆರಳ ತುದಿಯಲ್ಲಿ 1 ಕಿಲೋ ಒತ್ತಿ ಹಿಡಿದರೆ ಬುಡದ ಕೀಲಿನ ಮೇಲೆ ಸುಮಾರು 12 ಕಿಲೋ ಭಾರ ಬೀಳುತ್ತದೆ. ಸವೆಯದೆ ಇನ್ನೇನು?

ಕೀಹೋಲ್ ಆಪರೇಷನ್, ಅಂದರೆ ಆರ್ತ್ರೋಸ್ಕೋಪಿಗೆ ಕೆಲವೇ ಮಿಲಿಮೀಟರಿನ ಎರಡು ರಂಧ್ರ ಸಾಕು. ಒಂದರಲ್ಲಿ ಕಡ್ಡಿಯಷ್ಟು ತೆಳುವಾದ ಕ್ಯಾಮೆರಾ, ಇನ್ನೊಂದರಲ್ಲಿ ಉಜ್ಜುವ ಪುಟ್ಟ ಬರ್. ಆ ಕೀಲಿನಲ್ಲಿರುವ ಟ್ರೆಪೀಜಿಯಂ ಮೂಳೆಯ ಸವೆದ ಮುಖವನ್ನಷ್ಟೇ ಕೆರೆದು ತೆಗೆಯುತ್ತಾರೆ. 1949ರಲ್ಲಿ ವರದಿಯಾದ ಹಳೆಯ ವಿಧಾನದಲ್ಲಿ ಇಡೀ ಮೂಳೆಯೇ ಹೊರಗೆ. ಆರ್ತ್ರೋಸ್ಕೋಪಿಯಲ್ಲಿ ಗಾಯ ಚಿಕ್ಕದು, ನಿಜ. ಆದರೆ ಹಳೆಯದಕ್ಕಿಂತ ಇದೇ ಮೇಲೆಂದು ಸಾಬೀತಾಗಿಲ್ಲ. ನರದ ಕವಲು ಪಕ್ಕದಲ್ಲೇ ಹಾಯುವುದರಿಂದ ಜೋಮು ಹಿಡಿಯುವ ಅಪಾಯವೂ ಉಂಟು.

ಮೊದಲು ಮೂರು ತಿಂಗಳು ಸ್ಪ್ಲಿಂಟ್, ವ್ಯಾಯಾಮ ಮಾಡಿ ನೋಡಲಿ. ಆಮೇಲೂ ನಿದ್ದೆ ಕೆಡಿಸುವ ನೋವಿದ್ದರೆ ಎಕ್ಸ್-ರೇ ಹಿಡಿದು ಕೈ ಶಸ್ತ್ರಚಿಕಿತ್ಸಕರನ್ನು ಕಾಣಲಿ.