ಗಲಾಟೆ ನಿಂತ ಮೇಲೆ ಬರುವ ಖಿನ್ನತೆ

ಜಿಲ್ಲಾ ಆಸ್ಪತ್ರೆಯ ಮನೋವೈದ್ಯ ವಿಭಾಗದಲ್ಲಿ ಕೆಲಸ ಮಾಡುತ್ತಾ ಕಲಿತ ಕೆಲವು ಸಂಗತಿಗಳಿವು. ಸ್ಕಿಜೋಫ್ರೀನಿಯಾ ಇರುವವರ ಮನೆಮಂದಿಯನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದಿದ್ದೇನೆ.

1. ಸುಮ್ಮನಿದ್ದಾರೆ ಎಂದ ಮಾತ್ರಕ್ಕೆ ಹುಷಾರಾದರು ಎಂದುಕೊಳ್ಳಬೇಡಿ

"ಈಗ ಪರವಾಗಿಲ್ಲ ಸಾರ್. ಬೈಯಲ್ಲ, ಮನೆ ಬಿಟ್ಟು ಓಡಲ್ಲ. ತನ್ನ ಪಾಡಿಗೆ ಮೂಲೇಲಿ ಬಿದ್ದುಕೊಂಡಿರ್ತಾನೆ" ಎಂದು ತಾಯಂದಿರು ನೆಮ್ಮದಿಯಿಂದ ಹೇಳುತ್ತಾರೆ. ನನಗೆ ಆತಂಕ ಶುರುವಾಗುವುದೇ ಆಗ. ಕಿವಿಯಲ್ಲಿ ಕೇಳುತ್ತಿದ್ದ ದನಿಗಳು ನಿಂತು ಸಂಶಯ ಇಳಿದ ಮೇಲೆ ಅನೇಕರನ್ನು ಖಿನ್ನತೆ ಹಿಡಿಯುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 1992ರಲ್ಲಿ ಪ್ರಕಟಿಸಿದ ರೋಗ ವರ್ಗೀಕರಣದಲ್ಲೇ ಇದಕ್ಕೆ ಪ್ರತ್ಯೇಕ ಸ್ಥಾನವಿತ್ತು. ಹಿಂದಿನ 12 ತಿಂಗಳಲ್ಲಿ ಸ್ಕಿಜೋಫ್ರೀನಿಯಾ ಇದ್ದವರನ್ನು ಕನಿಷ್ಠ ಎರಡು ವಾರ ಬಿಡದೆ ಕಾಡುವ ಖಿನ್ನತೆ ಎಂಬುದು ಅದರ ಲಕ್ಷಣ. ಆತ್ಮಹತ್ಯೆಯ ಅಪಾಯ ಹೆಚ್ಚು ಎಂಬ ಎಚ್ಚರಿಕೆಯೂ ಅಲ್ಲೇ ಇತ್ತು.

2. ಮೂಲೆ ಹಿಡಿಯಲು ಮೂರು ಕಾರಣಗಳಿರಬಹುದು

ಮೊದಲು ಮಾತ್ರೆಯನ್ನು ಅನುಮಾನಿಸಬೇಕು. ಮುಖದಲ್ಲಿ ಭಾವವಿಲ್ಲ, ನಡೆಯುವಾಗ ಕೈ ಬೀಸುವುದಿಲ್ಲ, ಜೊಲ್ಲು ಸುರಿಯುತ್ತದೆ ಎಂದಾದರೆ ಅದು ಹಾಲೋಪೆರಿಡಾಲ್‌ನಂಥ ಔಷಧದ ಅಡ್ಡಪರಿಣಾಮ ಇರಬಹುದು. ವೈದ್ಯರು ಪ್ರಮಾಣ ತಗ್ಗಿಸಿದರೆ ಅಥವಾ ಔಷಧ ಬದಲಿಸಿದರೆ ಎಷ್ಟೋ ಜನ ಚುರುಕಾಗುತ್ತಾರೆ. ಕೆಲವರಿಗೆ ಕೂರಲೂ ಆಗದ, ನಿಲ್ಲಲೂ ಆಗದ ಚಡಪಡಿಕೆ ಬರುತ್ತದೆ. ಅದೂ ಮಾತ್ರೆಯಿಂದಲೇ. ಅದನ್ನು ತಾಳಲಾರದೆ ಸಾಯುವ ಯೋಚನೆ ಮಾಡುವವರಿದ್ದಾರೆ, ಹಾಗಾಗಿ ತಕ್ಷಣ ತಿಳಿಸಿ.

ಎರಡನೆಯದು, ಕಾಯಿಲೆಯಿಂದಲೇ ಉತ್ಸಾಹ ಬತ್ತಿಹೋಗುವುದು. "ಬೇಜಾರಾ?" ಎಂದರೆ "ಏನಿಲ್ಲ" ಎನ್ನುತ್ತಾರೆ. ಕೆದಕಿದರೂ ಒಳಗೆ ನೋವು ಸಿಗುವುದಿಲ್ಲ.

ಮೂರನೆಯದು ಖಿನ್ನತೆ. ಇದರಲ್ಲಿ ನೋವು ಸಿಗುತ್ತದೆ. ಬೆಳಗಿನ ಜಾವ ಮೂರಕ್ಕೇ ಎಚ್ಚರ. "ನನ್ನಿಂದ ಮನೆ ಹಾಳಾಯ್ತು" ಎಂಬ ಕೊರಗು. ಈ ಮೂರನ್ನೂ ಬಿಡಿಸಿ ನೋಡಲೆಂದೇ 1990ರಲ್ಲಿ ಕೆನಡಾದ ಕ್ಯಾಲ್ಗರಿಯಲ್ಲಿ 9 ಅಂಶಗಳ ಮಾಪಕವೊಂದನ್ನು ರೂಪಿಸಿದರು. ಓಪಿಡಿಯಲ್ಲಿ ಎಷ್ಟೇ ರಶ್ ಇದ್ದರೂ ಆ ಪ್ರಶ್ನೆಗಳಿಗೆ ಸಮಯ ಮಾಡಿಕೊಳ್ಳಬೇಕೆಂಬುದು ನನ್ನ ಹಟ.

3. ಅವರ ದುಃಖಕ್ಕೆ ಕಾರಣವಿರುತ್ತದೆ

ಗುರುತು ಸಿಗದಂತೆ ವಿವರ ಬದಲಿಸಿ ಒಬ್ಬ ಹುಡುಗನ ವಿಷಯ ಹೇಳುತ್ತೇನೆ. ಡಿಪ್ಲೊಮಾ ಓದುತ್ತಿದ್ದ. ಕಾಯಿಲೆ ಜೋರಾಗಿದ್ದಾಗ ಜಾತ್ರೆಯಲ್ಲಿ ತೇರಿನ ಮುಂದೆ ನಿಂತು, ತಾನೇ ದೇವರೆಂದು ಕೂಗಿದ್ದ. ಜನ ವಿಡಿಯೊ ಮಾಡಿದರು. ಚಿಕಿತ್ಸೆಯಿಂದ ಭ್ರಮೆ ಪೂರ್ತಿ ಹೋಯಿತು, ನೆನಪು ಉಳಿಯಿತು. ಕತ್ತಲಾಗುವವರೆಗೆ ಹೊರಗೆ ಕಾಲಿಡುತ್ತಿರಲಿಲ್ಲ, ಅಂಗಡಿ ಬೀದಿ ಬಿಟ್ಟು ಹಿತ್ತಲ ದಾರಿಯಲ್ಲಿ ಓಡಾಡುತ್ತಿದ್ದ. "ಆಗ ನಾನು ದೇವರಾಗಿದ್ದೆ ಸಾರ್. ಈಗ ಊರಿನ ಹುಚ್ಚ" ಎಂದ.

ಇಂಗ್ಲೆಂಡಿನ ಮನೋವಿಜ್ಞಾನಿ ಮ್ಯಾಕ್ಸ್ ಬರ್ಚ್‌ವುಡ್ ಮತ್ತು ಸಂಗಡಿಗರು ಈ ಖಿನ್ನತೆಯ ಬೇರು ಹುಡುಕಿದಾಗ ಸಿಕ್ಕಿದ್ದೂ ಇವೇ: ಕಳೆದುಕೊಂಡ ಸ್ಥಾನಮಾನ, ಅವಮಾನ, ಇದರಿಂದ ಬಿಡುಗಡೆಯೇ ಇಲ್ಲ ಎಂಬ ಭಾವ. ತನಗೆ ಕಾಯಿಲೆಯಿದೆ ಎಂದು ರೋಗಿ ಒಪ್ಪಿಕೊಂಡರೆ ನಾವು ವೈದ್ಯರು ಖುಷಿಪಡುತ್ತೇವೆ. ಅದೇ ಅರಿವು ಅವರನ್ನು ಕುಗ್ಗಿಸಲೂಬಹುದು. ಆ ಹುಡುಗನಿಗೆ ಖಿನ್ನತೆಯ ಮಾತ್ರೆ ಬೇಕಿತ್ತು, ಕೊಟ್ಟೆವು. ಅಷ್ಟೇ ಮುಖ್ಯವಾಗಿ, ಅವನ ಮಾವ ದಿನಾ ಬೆಳಿಗ್ಗೆ ಅಂಗಡಿ ಬೀದಿಯಲ್ಲೇ ಜೊತೆಗೆ ನಡೆಸಿಕೊಂಡು ಹೋಗಿ, ಹೋಟೆಲಿನಲ್ಲಿ ಕೂರಿಸಿ ಟೀ ಕುಡಿಸಿದರು. ಆರಂಭದಲ್ಲಿ ತಲೆ ಎತ್ತುತ್ತಿರಲಿಲ್ಲ. ಆಮೇಲಾಮೇಲೆ ಟೀ ದುಡ್ಡು ತಾನೇ ಕೊಡತೊಡಗಿದ.

4. ಮಾತ್ರೆ ನಿಲ್ಲಿಸಬೇಡಿ, ಮದುವೆ ಮಾಡಬೇಡಿ

ಮಂಕಾಗಿದ್ದಾರೆಂದು ಮಾತ್ರೆ ಬಿಡಿಸಿದರೆ ಕಾಯಿಲೆ ಮರುಕಳಿಸುತ್ತದೆ. ಕೆಲವೊಮ್ಮೆ ಆ ಮಂಕೇ ಮರುಕಳಿಕೆಯ ಮೊದಲ ಸುಳಿವಾಗಿರುತ್ತದೆ. ಇನ್ನು ಮದುವೆ ಔಷಧವಲ್ಲ. ಕಾಯಿಲೆ ಮುಚ್ಚಿಟ್ಟು ಮದುವೆ ಮಾಡುವುದು ಇಬ್ಬರಿಗೂ ಅನ್ಯಾಯ.

5. ಸಾವಿನ ಬಗ್ಗೆ ಬಾಯಿಬಿಟ್ಟು ಕೇಳಿ

ಸ್ಕಿಜೋಫ್ರೀನಿಯಾ ಇರುವ 100 ಜನರಲ್ಲಿ ಸುಮಾರು 5 ಮಂದಿ ಆತ್ಮಹತ್ಯೆಯಿಂದ ಸಾಯುತ್ತಾರೆ. ಕಾಯಿಲೆಯ ಮೊದಲ ವರ್ಷಗಳು, ಆಸ್ಪತ್ರೆಯಿಂದ ಡಿಸ್ಚಾರ್ಜ್ ಆದ ನಂತರದ ವಾರಗಳು ಹೆಚ್ಚು ಅಪಾಯದವು. "ಬದುಕೋದೇ ಬೇಡ ಅನ್ನಿಸುತ್ತಾ?" ಎಂದು ಕೇಳುವುದರಿಂದ ಆ ಯೋಚನೆ ಹೊಸದಾಗಿ ಹುಟ್ಟುವುದಿಲ್ಲ, ಮನಸ್ಸಿನ ಭಾರ ಇಳಿಯುತ್ತದೆ. ಹೌದು ಎಂದರೆ ಒಬ್ಬರನ್ನೇ ಬಿಡಬೇಡಿ, ಅಂದೇ ಆಸ್ಪತ್ರೆಗೆ ಕರೆತನ್ನಿ. ಹೊಲಕ್ಕೆ ತಂದ ಕ್ರಿಮಿನಾಶಕ ಮನೆಯಲ್ಲಿರಬಾರದು, ಮಾತ್ರೆ ಡಬ್ಬಿ ನಿಮ್ಮ ಕೈಯಲ್ಲಿರಲಿ. ಆತ್ಮಹತ್ಯೆಯ ಯೋಚನೆ ಬಿಡದೆ ಕಾಡುವವರಿಗೆ ಕ್ಲೋಜಪಿನ್ ಎಂಬ ಔಷಧ ಆ ಅಪಾಯವನ್ನು ತಗ್ಗಿಸುತ್ತದೆ. ಅದನ್ನು ತೆಗೆದುಕೊಳ್ಳುವಾಗ ರಕ್ತಪರೀಕ್ಷೆ ತಪ್ಪಿಸುವಂತಿಲ್ಲ. ಅಪರಾತ್ರಿಯಲ್ಲಿ ದಿಕ್ಕು ತೋಚದಿದ್ದರೆ ಟೆಲಿ-ಮನಸ್‌ನ 14416 ಸಹಾಯವಾಣಿಗೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡುತ್ತಾರೆ.

6. ಅವರ ಮಾತು ಅವರೇ ಆಡಲಿ

ಫಾಲೋಅಪ್‌ಗೆ ಬಂದಾಗ ನಾನು ಕೇಳಿದ್ದಕ್ಕೆಲ್ಲ ಮನೆಯವರೇ ಉತ್ತರ ಕೊಡುತ್ತಾರೆ: ಊಟ ಮಾಡ್ತಾನೆ, ನಿದ್ದೆ ಮಾಡ್ತಾನೆ, ಚೆನ್ನಾಗಿದ್ದಾನೆ. ಕಂಡದ್ದನ್ನು ನೀವು ಹೇಳಲೇಬೇಕು. ಹೇಳಿಯಾದ ಮೇಲೆ ದಯವಿಟ್ಟು ಹತ್ತು ನಿಮಿಷ ಹೊರಗಿನ ಬೆಂಚಿನ ಮೇಲೆ ಕೂತು, ಅವರಿಗೂ ವೈದ್ಯರಿಗೂ ಮಾತಾಡಲು ಬಿಡಿ.