ಹನ್ಝಲಾರ(ರ) ಆತಂಕ

ಚಂದಕವಾಡಿಯ ತಾಯಿಯೊಬ್ಬರು ಮಗ್ರಿಬ್ ನಂತರ ಮನೆಗೆ ಬಂದು ಮಗನ ವಿಷಯ ಹೇಳಿಕೊಂಡರು. ಅವನು ಎರಡು ವರ್ಷದಿಂದ ಮೈಸೂರಿನಲ್ಲಿ ಓದುತ್ತಿದ್ದಾನೆ. "ಹಝ್ರತ್, ಫಜ್ರ್‌ಗೆ ನನ್ನನ್ನೇ ಎಬ್ಬಿಸುತ್ತಿದ್ದ ಹುಡುಗ. ಈಗ ಜುಮಾಕ್ಕೂ ಹೇಳಿ ಕಳಿಸಬೇಕು. ಎಲ್ಲದಕ್ಕೂ ಯಾಕೆ ಅಂತಾನೆ. ನೀನು ನನ್ನ ಮಗನೇ ಅಲ್ಲ ಅಂದುಬಿಟ್ಟೆ."

ಹುಡುಗನನ್ನು ಕರೆದು ಕೇಳಿದೆ. "ಆಗಿನ ನಾನು ನಿಜವೋ ಈಗಿನ ನಾನು ನಿಜವೋ ತಿಳೀತಿಲ್ಲ. ನಾನು ಮುನಾಫಿಕ್ ಆದೆನಾ?" ಎಂದ.

ಇದೇ ಮಾತನ್ನು ಪ್ರವಾದಿವರ್ಯರ(ಸ) ಲಿಪಿಕಾರರಲ್ಲೊಬ್ಬರಾದ ಹನ್ಝಲಾ(ರ) ಆಡಿದ್ದರು. ದಾರಿಯಲ್ಲಿ ಸಿಕ್ಕ ಹಝ್ರತ್ ಅಬೂಬಕರ್(ರ) ಕುಶಲ ವಿಚಾರಿಸಿದಾಗ, ಹನ್ಝಲಾ ಕಪಟವಿಶ್ವಾಸಿಯಾದ ಎಂದುಬಿಟ್ಟರು. ಪ್ರವಾದಿವರ್ಯರ(ಸ) ಬಳಿ ಕುಳಿತಾಗ ಸ್ವರ್ಗ ನರಕಗಳು ಕಣ್ಣೆದುರೇ ಇದ್ದಂತಿರುತ್ತವೆ. ಮನೆಗೆ ಬಂದು ಹೆಂಡತಿ, ಮಕ್ಕಳು, ಆಸ್ತಿಪಾಸ್ತಿಯಲ್ಲಿ ಬೆರೆತೊಡನೆ ಬಹಳಷ್ಟು ಮರೆತುಹೋಗುತ್ತದೆ ಎಂಬುದು ಅವರ ಅಳಲು. ಅಬೂಬಕರ್(ರ) ಗದರಲಿಲ್ಲ. ಅಲ್ಲಾಹನಾಣೆ, ನನಗೂ ಹಾಗೆಯೇ ಆಗುತ್ತದೆ ಎಂದರು. ಇಬ್ಬರೂ ಕೂಡಿಯೇ ಹೋಗಿ ಕೇಳಿದರು. ನನ್ನ ಬಳಿ ಇರುವ ಸ್ಥಿತಿಯಲ್ಲೇ ನೀವು ಸದಾ ಇದ್ದಿದ್ದರೆ ದೇವಚರರು ನಿಮ್ಮ ಹಾಸಿಗೆಯಲ್ಲೂ ಹಾದಿಯಲ್ಲೂ ಕೈಕುಲುಕುತ್ತಿದ್ದರು. ಆದರೆ ಹನ್ಝಲಾ, ಒಂದೊಂದು ವೇಳೆ ಒಂದೊಂದು ರೀತಿ ಎಂಬರ್ಥದ ಮಾತನ್ನು ಪ್ರವಾದಿವರ್ಯರು(ಸ) ಮೂರು ಸಲ ಹೇಳಿದರೆಂದು ಸಹೀಹ್ ಮುಸ್ಲಿಮ್‌ನಲ್ಲಿದೆ.

ಅರಬಿಯಲ್ಲಿ ಹೃದಯಕ್ಕೆ ಖಲ್ಬ್ ಎನ್ನುತ್ತಾರೆ. ತಿರುಗುವುದು, ಮಗುಚುವುದು ಎಂಬುದು ಅದೇ ಧಾತುವಿನ ಅರ್ಥ. ಹೃದಯಗಳನ್ನು ತಿರುಗಿಸುವವನೇ, ನನ್ನ ಹೃದಯವನ್ನು ನಿನ್ನ ಧರ್ಮದಲ್ಲಿ ಸ್ಥಿರಗೊಳಿಸು ಎಂದು ಪ್ರವಾದಿವರ್ಯರೇ(ಸ) ಪದೇ ಪದೇ ಬೇಡುತ್ತಿದ್ದರೆಂದು ಉಮ್ಮು ಸಲಮಾ(ರ) ತಿಳಿಸಿದ್ದಾರೆ.

ಇನ್ನು "ಯಾಕೆ" ಎಂಬ ಪ್ರಶ್ನೆ. ಇಮಾಮ್ ಶಾಫಿಈ ಬಗ್ದಾದ್‌ನಲ್ಲಿ ಹೇಳಿದ್ದ ಎಷ್ಟೋ ಅಭಿಪ್ರಾಯಗಳನ್ನು ಈಜಿಪ್ಟಿಗೆ ಹೋದ ಮೇಲೆ ತಾವೇ ಬದಲಿಸಿದರು. ಅವರ ಹಳೆಯ ಮಾತು, ಹೊಸ ಮಾತು ಎಂದು ವಿದ್ವಾಂಸರು ಇಂದಿಗೂ ವಿಂಗಡಿಸಿ ಓದುತ್ತಾರೆ. (ಭಟ್ಕಳದ ಓದುಗರಿಗೆ ಇದು ನನಗಿಂತ ಚೆನ್ನಾಗಿ ಗೊತ್ತು.) ಆದರೆ ಅಭಿಪ್ರಾಯ ಬದಲಿಸಿದ ಇಮಾಮರು ನಮಾಝ್ ಬಿಡಲಿಲ್ಲ. ಹುಡುಗನಿಗೆ ಇದನ್ನು ಹೇಳಿದೆ. ಪ್ರಶ್ನೆಗಳಿದ್ದರೆ ಎಲ್ಲವನ್ನೂ ಬರೆದು ತಾ, ನಮಾಝ್ ಮಾಡುತ್ತಲೇ ಕೇಳು ಎಂದೆ.

ತಾಯಿಗೆ ಕೇಳಿದ್ದು ಬೇರೆ: "ಅಮ್ಮಾ, ನಿಮ್ಮ ಮನಸ್ಸು ಯಾವತ್ತೂ ಸಡಿಲಾಗಿಲ್ಲವೇ?"

ಅವರು ಬಹಳ ಹೊತ್ತು ಸುಮ್ಮನಿದ್ದರು. "ಇವನ ಅಬ್ಬಾ ತೀರಿಕೊಂಡ ವರ್ಷ ಮೂರು ತಿಂಗಳು ಮುಸಲ್ಲಾ ಹಾಸಿರಲಿಲ್ಲ ಹಝ್ರತ್."

"ಮಗನಿಗೆ ಗೊತ್ತೇ?"

"ಇಲ್ಲ. ಯಾರಿಗೂ ಹೇಳಿಲ್ಲ."

"ಇವತ್ತು ಅವನಿಗೆ ಹೇಳಿ" ಎಂದೆ.