ಕೂಸನ್ನು ಒಪ್ಪಿಸುವ ಮುನ್ನ: ಧಾರಾವಿಯ ಪಾಳಣಾಘರಗಳ ಪರೀಕ್ಷೆ

ಮಾಹಿಮ್ ಮತ್ತು ಸಾಯನ್ ರೈಲು ನಿಲ್ದಾಣಗಳ ನಡುವೆ, ಮಿಠಿ ನದಿಯ ಬದಿಗೆ, ಎರಡು ಚದರ ಕಿಲೋಮೀಟರಿಗೆ ತುಸು ಮೀರಿದ ನೆಲದಲ್ಲಿ ಧಾರಾವಿ ನೆಲೆಸಿದೆ. ಕುಂಭಾರವಾಡೆಯ ಗುಜರಾತಿ ಕುಂಬಾರರು, ತಿರುನೆಲ್ವೇಲಿಯ ಕಡೆಯಿಂದ ಬಂದ ತಮಿಳರು, ಉತ್ತರ ಪ್ರದೇಶದ ಕಸುಬುದಾರರು ಇವರೊಡನೆ ಕಲಬುರಗಿ, ವಿಜಯಪುರ, ರಾಯಚೂರುಗಳ ಒಣಭೂಮಿಯನ್ನು ಬಿಟ್ಟು ಬಂದ ಕನ್ನಡಿಗರೂ ಅಲ್ಲಿ ಬಾಳುತ್ತಿದ್ದಾರೆ. ಅಲ್ಲಿನ ಅನೇಕ ಹೆಂಗಸರು ಬೆಳಗಾಗುತ್ತಲೇ ಮಾಟುಂಗಾ, ಮಾಹಿಮ್, ಸಾಯನ್ ಕಡೆಯ ಮನೆಗಳಿಗೆ ಪಾತ್ರೆ-ಬಟ್ಟೆಯ ಕೆಲಸಕ್ಕೆ ಹೊರಡುತ್ತಾರೆ. ಊರಿನಲ್ಲಾಗಿದ್ದರೆ ಕೂಸನ್ನು ಅತ್ತೆಯೋ ಅಜ್ಜಿಯೋ ನೋಡಿಕೊಳ್ಳುತ್ತಿದ್ದರು. ಇಲ್ಲಿ ಆ ಅಜ್ಜಿಯಿಲ್ಲ. ಆದಕಾರಣ ಕೂಸು ನೆರೆಮನೆಯವಳ ಪಾಲಿಗೆ ಬರುತ್ತದೆ. ತಿಂಗಳಿಗೆ ಇಷ್ಟೆಂದು ಹಣ ಪಡೆದು ನಾಲ್ಕಾರು ಮಕ್ಕಳನ್ನು ತನ್ನ ಮನೆಯಲ್ಲೇ ನೋಡಿಕೊಳ್ಳುವ ಇಂಥ ಏರ್ಪಾಡಿಗೆ ಮುಂಬಯಿಯ ಮಾತಿನಲ್ಲಿ ಪಾಳಣಾಘರವೆಂದು ಹೆಸರು. ಮಾಟುಂಗಾದ ಮನೆಯೊಡತಿ ಕೆಲಸದವಳು ತಡವಾಗಿ ಬಂದುದಕ್ಕೆ ಕಾರಣ ಕೇಳುತ್ತಾಳೆಯೇ ಹೊರತು, ಅವಳ ಕೂಸು ಈ ಹೊತ್ತಿನಲ್ಲಿ ಎಲ್ಲಿದೆಯೆಂದು ಕೇಳುವುದು ವಿರಳ.

ಸರಕಾರದ ವ್ಯವಸ್ಥೆ ಏನೂ ಇಲ್ಲವೆಂದಲ್ಲ. 1975ರ ಅಕ್ಟೋಬರ್ 2ರಂದು ದೇಶದ 33 ಕಡೆಗಳಲ್ಲಿ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಆರಂಭವಾದಾಗ ಮಹಾರಾಷ್ಟ್ರದ ಪಾಲಿಗೆ ಬಂದ ಮೊದಲ ಕೇಂದ್ರಗಳಲ್ಲಿ ಧಾರಾವಿಯೂ ಒಂದು. ಆದರೆ ಅಂಗನವಾಡಿಯಲ್ಲಿ ಕುಳಿತು ಕಲಿಯುವವರು ಮೂರರಿಂದ ಆರು ವರ್ಷದ ಮಕ್ಕಳು; ಅದೂ ದಿನಕ್ಕೆ ಕೆಲವು ಗಂಟೆ ಮಾತ್ರ. ಮೂರು ವರ್ಷದೊಳಗಿನ ಕೂಸಿಗೆ ಅಲ್ಲಿಂದ ದೊರೆಯುವುದು ಮುಖ್ಯವಾಗಿ ಮನೆಗೆ ಒಯ್ಯುವ ಆಹಾರ, ಲಸಿಕೆಯ ನೆರವು ಮತ್ತು ತೂಕ ನೋಡುವ ಸೌಲಭ್ಯ. ಕೂಸಿಗೆ ಬೇಕಾದ ಹತ್ತು ಗಂಟೆಯ ಮಡಿಲು ಅಲ್ಲಿ ದೊರೆಯದು. 1948ರ ಕಾರ್ಖಾನೆಗಳ ಕಾಯಿದೆಯ 48ನೆಯ ಕಲಮು ಮೂವತ್ತಕ್ಕೂ ಹೆಚ್ಚು ಸ್ತ್ರೀಯರು ದುಡಿಯುವ ಕಾರ್ಖಾನೆಯಲ್ಲಿ ಶಿಶುಗೃಹ ಇರಬೇಕೆಂದು ವಿಧಿಸಿತು. 2017ರಲ್ಲಿ ಹೆರಿಗೆ ಸೌಲಭ್ಯ ಕಾಯಿದೆಗೆ ಆದ ತಿದ್ದುಪಡಿಯು ಐವತ್ತು ಮಂದಿ ನೌಕರರಿರುವ ಸಂಸ್ಥೆಗಳಿಗೂ ಅದನ್ನು ವಿಸ್ತರಿಸಿತು. ಮೂರು ಮನೆಗಳಲ್ಲಿ ಪಾತ್ರೆ ತೊಳೆಯುವವಳಿಗೆ ಯಾವ ಸಂಸ್ಥೆ? ಕಟ್ಟಡ ಕಾರ್ಮಿಕರ ಮಕ್ಕಳಿಗಾಗಿ 1969ರಲ್ಲಿ ಮೀರಾ ಮಹಾದೇವನ್ ಅವರು ದಿಲ್ಲಿಯಲ್ಲಿ ಆರಂಭಿಸಿದ ಮೊಬೈಲ್ ಕ್ರೆಷ್ ಸಂಸ್ಥೆ 1972ರಲ್ಲಿ ಮುಂಬಯಿಗೂ ಬಂದಿತು; ಅದು ಶ್ಲಾಘನೀಯವಾದ ಕಾರ್ಯ, ಆದರೆ ಅದರ ಕ್ಷೇತ್ರ ಕಟ್ಟಡಗಳ ನಿವೇಶನಗಳು. ಕರ್ನಾಟಕದ ಗ್ರಾಮ ಪಂಚಾಯತಿಗಳಲ್ಲಿ 2023ರಿಂದ ‘ಕೂಸಿನ ಮನೆ’ಗಳು ಆರಂಭವಾಗಿವೆ, ಊರು ಬಿಟ್ಟು ಬಂದವಳಿಗೆ ಅದೂ ದೂರವೇ.

ಹೀಗಾಗಿ ನೆರೆಮನೆಯವಳ ಪಾಳಣಾಘರವನ್ನು ತಪಾಸಣೆ ಮಾಡುವ ಅಧಿಕಾರಿಯೆಂದರೆ ಸ್ವತಃ ತಾಯಿಯೇ. ಇಂಗ್ಲೆಂಡಿನಲ್ಲಿ ಮನೆಯಲ್ಲಿ ಮಕ್ಕಳನ್ನು ನೋಡಿಕೊಳ್ಳುವವಳು ನೋಂದಣಿ ಮಾಡಿಸಬೇಕು. ಸಾಮಾನ್ಯ ನಿಯಮದಂತೆ ಅವಳ ಬಳಿ ಐದು ವರ್ಷದೊಳಗಿನ ಮಕ್ಕಳು ಮೂವರಿಗಿಂತ ಹೆಚ್ಚಿರಬಾರದು, ಅವರಲ್ಲಿ ವರ್ಷದೊಳಗಿನ ಕೂಸು ಒಂದೇ ಇರಬೇಕು. ಧಾರಾವಿಯ ಓಣಿಗೆ ಈ ಸಂಖ್ಯೆಯನ್ನು ಹಾಗೆಯೇ ಹೇರಲಾಗದು. ಆದರೆ ಅದರ ಹಿಂದಿರುವ ವಿಚಾರ ಎಲ್ಲಿಯೂ ಒಂದೇ: ಬೆಂಕಿ ಬಿದ್ದರೆ ಒಬ್ಬ ಹೆಂಗಸು ಎಷ್ಟು ಕೂಸುಗಳನ್ನು ಎತ್ತಿಕೊಂಡು ಹೊರಗೆ ಓಡಬಲ್ಲಳು?

ತಾಯಂದಿರು ಸಾಮಾನ್ಯವಾಗಿ ಮೆಚ್ಚುವ ಒಂದು ಲಕ್ಷಣವನ್ನು ಇಲ್ಲಿ ಮೊದಲು ಪರೀಕ್ಷಿಸಬೇಕು. ‘ಆ ಮನೆಯಲ್ಲಿ ಮಕ್ಕಳ ಗಲಾಟೆಯೇ ಇಲ್ಲ, ಕೂಸು ಇಡೀ ದಿನ ಸುಮ್ಮನೆ ಮಲಗಿರುತ್ತದೆ’ ಎಂಬ ಹೊಗಳಿಕೆ ಅದು. ಮುಂಬಯಿಯ ಇತಿಹಾಸ ಬಲ್ಲವರಿಗೆ ಈ ಮಾತು ಭಯ ಹುಟ್ಟಿಸಬೇಕು. ಗಿರಣಿಗಳಲ್ಲಿ ದುಡಿಯುವ ಸ್ತ್ರೀಯರ ಹೆರಿಗೆ ಮತ್ತು ಆರೋಗ್ಯದ ಸ್ಥಿತಿಯನ್ನು ಪರಿಶೀಲಿಸಿದ ಡಾ. ಬಾರ್ನ್ಸ್ ಎಂಬ ವೈದ್ಯೆ, ಇಂಥ ತಾಯಂದಿರ ಶಿಶುಗಳಲ್ಲಿ ನೂರಕ್ಕೆ 98ಕ್ಕೆ ಅಫೀಮು ತಿನ್ನಿಸಲಾಗುತ್ತಿತ್ತೆಂದು 1922ರಲ್ಲಿ ವರದಿ ಮಾಡಿದರು. ‘ಬಾಲಗೋಲಿ’ ಎಂಬ ಆ ಸಣ್ಣ ಗುಳಿಗೆಯನ್ನು ನುಂಗಿದ ಕೂಸು ತಾಯಿ ಗಿರಣಿಯಿಂದ ಬರುವವರೆಗೆ ಅಳುತ್ತಿರಲಿಲ್ಲ, ಹಸಿವಾದರೂ ಅಳುತ್ತಿರಲಿಲ್ಲ. ಬಾಲಗೋಲಿಯ ಕಾಲ ಹೋಯಿತು. ಅದರ ಸ್ಥಾನಕ್ಕೆ ನೆಗಡಿ-ಕೆಮ್ಮಿನ ಸಿರಪ್ಪು ಬರಬಾರದೆಂದಿಲ್ಲ. ಕೆಲವು ಸಿರಪ್ಪುಗಳು ನಿದ್ದೆ ಬರಿಸುತ್ತವೆಂಬುದು ಎಲ್ಲರಿಗೂ ತಿಳಿದ ಸಂಗತಿ. ಕ್ಲೋರ್‌ಫೆನಿರಮೈನ್ ಮತ್ತು ಫಿನೈಲೆಫ್ರಿನ್ ಸೇರಿದ ಶೀತದ ಔಷಧವನ್ನು ನಾಲ್ಕು ವರ್ಷದೊಳಗಿನ ಮಕ್ಕಳಿಗೆ ಕೊಡಬಾರದೆಂಬ ಎಚ್ಚರಿಕೆಯನ್ನು ಬಾಟಲಿಯ ಮೇಲೆ ಮುದ್ರಿಸಬೇಕೆಂದು ಕೇಂದ್ರದ ಔಷಧ ನಿಯಂತ್ರಣ ಕಚೇರಿ 2023ರ ಡಿಸೆಂಬರಿನಲ್ಲಿ ಸೂಚಿಸಿತು. ಹಗಲೆಲ್ಲ ಮಲಗಿ, ಸಂಜೆ ತಾಯಿಯ ತೋಳಿನಲ್ಲಿಯೂ ಮಂಕಾಗಿ ಜೋಲುವ ಕೂಸನ್ನು ಕಂಡಾಗ ‘ಎಷ್ಟು ಸೌಮ್ಯ’ ಎಂದು ಹಿಗ್ಗದೆ, ಏನು ಕುಡಿಸಿದಿರೆಂದು ಕೇಳುವುದು ಯುಕ್ತ. ತಾಯಿ ತಾನೇ ಚೀಟಿಯೊಡನೆ ಕೊಟ್ಟು ಹೋಗದ ಯಾವ ಔಷಧವನ್ನೂ ಕೂಸಿನ ಬಾಯಿಗೆ ಹಾಕಕೂಡದೆಂಬುದು ಮೊದಲ ದಿನದ ಕರಾರಾಗಿರಬೇಕು.

ಹಾಗಾದರೆ ಗುಣವನ್ನು ಅಳೆಯುವುದು ಹೇಗೆ? ಅಮೆರಿಕದ ಥೆಲ್ಮಾ ಹಾರ್ಮ್ಸ್ ಮತ್ತು ರಿಚರ್ಡ್ ಕ್ಲಿಫರ್ಡ್ ಎಂಬ ಶಿಕ್ಷಣತಜ್ಞರು ಮನೆಯೊಳಗಿನ ಶಿಶುಪಾಲನೆಗೆಂದೇ 1989ರಲ್ಲಿ ಒಂದು ಅಳತೆಗೋಲನ್ನು ಪ್ರಕಟಿಸಿದರು. ಒಂದೊಂದು ಅಂಶಕ್ಕೂ ಒಂದರಿಂದ ಏಳರವರೆಗೆ ಅಂಕ: ಒಂದು ಎಂದರೆ ಸಾಲದು, ಮೂರು ಎಂದರೆ ಕನಿಷ್ಠ, ಐದು ಎಂದರೆ ಉತ್ತಮ, ಏಳು ಎಂದರೆ ಅತ್ಯುತ್ತಮ. ಅದರ ಅಂಕಪಟ್ಟಿಗಿಂತ ಅದರ ಪದ್ಧತಿ ಹೆಚ್ಚು ಬೆಲೆಯುಳ್ಳದ್ದು. ಪರೀಕ್ಷಕನು ಪ್ರಶ್ನೆ ಕೇಳಿ ಉತ್ತರ ಬರೆದುಕೊಂಡು ಹೋಗುವುದಿಲ್ಲ; ಮನೆಯ ಒಂದು ಮೂಲೆಯಲ್ಲಿ ಗಂಟೆಗಟ್ಟಲೆ ಸುಮ್ಮನೆ ಕುಳಿತು ನೋಡುತ್ತಾನೆ. ಅಡವಿಟ್ಟ ಸರಕನ್ನು ಬ್ಯಾಂಕಿನವರು ಪುಸ್ತಕದಲ್ಲಿ ನೋಡಿ ತೃಪ್ತರಾಗದೆ ಗೋದಾಮಿಗೇ ಹೋಗಿ ಎಣಿಸುವಂತೆ ಇದು. ತಾಯಿಯಾದವಳು ಕೂಸನ್ನು ಒಪ್ಪಿಸುವ ಮುನ್ನ ಒಂದು ರಜೆಯ ಅರ್ಧ ದಿನವನ್ನು, ವಿಶೇಷವಾಗಿ ಮಕ್ಕಳಿಗೆ ಉಣ್ಣಿಸಿ ಮಲಗಿಸುವ ಮಧ್ಯಾಹ್ನದ ಹೊತ್ತನ್ನು, ಆ ಮನೆಯಲ್ಲಿ ಕಳೆಯಬೇಕು. ಆಮೇಲೆ ಎರಡನೆಯ ವಾರದಲ್ಲೊಮ್ಮೆ ಹೇಳದೆ ಕೇಳದೆ ಹೋಗಬೇಕು. ‘ಅಕ್ಕಾ, ಇತ್ತ ಕಡೆ ಬಂದಿದ್ದೆ’ ಎಂದರೆ ಸಾಕು. ಹಾಗೆ ಬಂದುದಕ್ಕೆ ಸಿಡಿಮಿಡಿಗೊಳ್ಳುವ ಮನೆಯನ್ನು ಬಿಡುವುದು ಲೇಸು.

ನೋಡಬೇಕಾದುದು ಏನು? ಧಾರಾವಿಯ ಮನೆಯೆಂದರೆ ಬಹುತೇಕ ಒಂದೇ ಕೋಣೆ. ಮೂಲೆಯಲ್ಲಿ ಮೋರಿ, ಮೇಲೊಂದು ಅಟ್ಟ, ಅಟ್ಟಕ್ಕೆ ನೆಟ್ಟಗೆ ನಿಂತ ಕಬ್ಬಿಣದ ಏಣಿ. ತೆವಳುವ ಮಗುವಿಗೆ ಆ ಏಣಿ ಪರಮಾಕರ್ಷಣೆ. ಕೆಳಗಿನ ಎರಡು ಮೆಟ್ಟಿಲಿಗೆ ಹಲಗೆ ಕಟ್ಟಿದ್ದಾರೆಯೇ? ನಲ್ಲಿಯ ನೀರು ದಿನಕ್ಕೆ ಕೆಲವು ಗಂಟೆ ಮಾತ್ರ ಬರುವ ಕಡೆ ಪ್ರತಿ ಮನೆಯಲ್ಲೂ ಡ್ರಮ್ಮು, ಬಕೆಟ್ಟುಗಳಿರುತ್ತವೆ. ಅವುಗಳಿಗೆ ಬಿಗಿಯಾದ ಮುಚ್ಚಳ ಬೇಕು. ಅರ್ಧ ಬಕೆಟ್ ನೀರಿನಲ್ಲಿ ತಲೆಕೆಳಗಾದ ಮಗು ತಾನಾಗಿ ಮೇಲೇಳಲಾರದು, ಕೂಗಲೂ ಆರದು. ಮುಚ್ಚಿದ ಡ್ರಮ್ಮಿನಿಂದ ಡೆಂಗಿಯ ಸೊಳ್ಳೆಯೂ ದೂರವಾಗುತ್ತದೆ. ಗ್ಯಾಸಿನ ಒಲೆ ನೆಲದ ಮೇಲಿದೆಯೋ ಕಟ್ಟೆಯ ಮೇಲಿದೆಯೋ, ವಿದ್ಯುತ್ತಿನ ತಂತಿ ಮಗುವಿನ ಕೈಗೆ ಎಟುಕುತ್ತದೆಯೋ ನೋಡಬೇಕು. ಸೀರೆಯ ಜೋಲಿಯಲ್ಲಿ ಹಸುಗೂಸನ್ನು ತೂಗುವುದು ಎಲ್ಲ ಊರಿನ ವಾಡಿಕೆ. ಆದರೆ ಮೂರು-ನಾಲ್ಕು ವರ್ಷದ ಮಕ್ಕಳು ಅದೇ ಜೋಲಿಯಲ್ಲಿ ಸುತ್ತುತ್ತ ಆಡುವಾಗ ಬಟ್ಟೆ ಕುತ್ತಿಗೆಗೆ ಉರುಲಾದ ಪ್ರಸಂಗಗಳನ್ನು ವೈದ್ಯರು ದಾಖಲಿಸಿದ್ದಾರೆ. ಕೂಸು ಎದ್ದ ಕೂಡಲೇ ಜೋಲಿಯನ್ನು ಬಿಚ್ಚಿ ಮೇಲಕ್ಕೆ ಕಟ್ಟುವ ಹೆಂಗಸು ಏಳರಲ್ಲಿ ಏಳು ಅಂಕಕ್ಕೆ ಅರ್ಹಳು.

ಸ್ವಚ್ಛತೆಯ ವಿಷಯದಲ್ಲಿ ನೆಲ ಹೊಳೆಯುತ್ತಿದೆಯೇ ಎಂಬುದಕ್ಕಿಂತ ಕೈ ಯಾವಾಗ ತೊಳೆಯಲಾಗುತ್ತದೆ ಎಂಬುದು ಮುಖ್ಯ. ಒಂದು ಕೂಸಿನ ಮಲ ತೊಳೆದ ಕೈ ಸಾಬೂನು ಕಾಣದೆ ಮತ್ತೊಂದು ಕೂಸಿನ ತುತ್ತಿಗೆ ಹೋದರೆ, ಭೇದಿ ಮನೆಯಿಂದ ಮನೆಗೆ ಪ್ರಯಾಣ ಮಾಡುತ್ತದೆ. ಮನೆಯಲ್ಲಿ ಎರಡು ವಾರ ಮೀರಿ ಕೆಮ್ಮುವ ಹಿರಿಯರಿದ್ದರೆ, ಕಫ ಪರೀಕ್ಷೆಯಾಗುವವರೆಗೆ ಕೂಸನ್ನು ಅಲ್ಲಿ ಬಿಡಬಾರದು. ಕ್ಷಯಕ್ಕೆ ಇಕ್ಕಟ್ಟಾದ ಕೋಣೆಯೇ ಅನುಕೂಲ. ಉಳಿದ ಮಕ್ಕಳ ಲಸಿಕೆಯ ಕಾರ್ಡನ್ನು ಕೇಳುವುದು ಅಧಿಕಪ್ರಸಂಗವೇನಲ್ಲ. 2022ರಲ್ಲಿ ಗೋವಂಡಿಯ ಕಡೆ ಕಾಣಿಸಿಕೊಂಡ ದಡಾರ ನಗರದ ಇತರ ಭಾಗಗಳಿಗೂ ಹರಡಿ ಎಳೆಯ ಮಕ್ಕಳನ್ನು ಬಲಿ ತೆಗೆದುಕೊಂಡದ್ದು ಇನ್ನೂ ಹಳೆಯ ಮಾತಲ್ಲ. ಒಂಬತ್ತು ತಿಂಗಳಿಗೆ ದಡಾರದ ಮೊದಲ ಚುಚ್ಚುಮದ್ದು ಆಗಿರಬೇಕು.

ಇವೆಲ್ಲ ಕಣ್ಣಿಗೆ ಕಾಣುವಂಥವು. ಕಿವಿಗೆ ಕೇಳುವಂಥದ್ದು ಇನ್ನೊಂದಿದೆ. ಮಗು ಅತ್ತಾಗ ಎಷ್ಟು ಹೊತ್ತಿಗೆ ಯಾರು ಓಗೊಡುತ್ತಾರೆ? ಉಣ್ಣಿಸುವಾಗ ಮಾತಾಡಿಸುತ್ತಾರೆಯೇ, ಟೀವಿಯನ್ನೋ ಮೊಬೈಲನ್ನೋ ಮುಂದಿಟ್ಟು ತುರುಕುತ್ತಾರೆಯೇ? ಮಾತಾಡಿಸಿದ ಮಗು ಮಾತು ಕಲಿಯುತ್ತದೆ. ಈ ಸಂದರ್ಭದಲ್ಲಿ ನಮ್ಮವರ ಒಂದು ಹಠದ ಬಗ್ಗೆ ಹೇಳಬೇಕು. ಕೂಸಿಗೆ ಕನ್ನಡವೇ ಕಿವಿಗೆ ಬೀಳಲೆಂದು ಕನ್ನಡದ ಮನೆಯನ್ನೇ ಹುಡುಕುವ ತಾಯಂದಿರಿದ್ದಾರೆ. ಆಸೆ ಸಹಜವಾದುದೇ, ಆದರೂ ಮೌನವಾಗಿ ಟೀವಿ ನೋಡುವ ಕನ್ನಡತಿಗಿಂತ ಇಡೀ ದಿನ ಕೂಸಿನೊಡನೆ ಹರಟುವ ತಮಿಳು ಹೆಂಗಸು ಎಷ್ಟೋ ಮೇಲು. ಕನ್ನಡವನ್ನು ರಾತ್ರಿ ತಾಯಿ ಕೊಡಬಲ್ಲಳು.

2016ರ ನವೆಂಬರಿನಲ್ಲಿ ನವಿ ಮುಂಬಯಿಯ ಖಾರ್ಘರದ ಒಂದು ಶಿಶುಗೃಹದಲ್ಲಿ ಆಯಾ ಒಬ್ಬಳು ಹತ್ತು ತಿಂಗಳ ಕೂಸನ್ನು ಹೊಡೆದದ್ದು ಕ್ಯಾಮರಾದಿಂದ ಬಯಲಾಯಿತು. ಅಂದಿನಿಂದ ಕ್ಯಾಮರಾ ಇದ್ದರೆ ಸಾಕೆಂಬ ನಂಬಿಕೆ ಬೆಳೆದಿದೆ. ಆದರೆ ಕ್ಯಾಮರಾ ಕಂಡದ್ದನ್ನು ಯಾರಾದರೂ ನೋಡಿದಾಗ ಮಾತ್ರ ಪ್ರಯೋಜನ. ಧಾರಾವಿಯ ಓಣಿಗೆ ಅದಕ್ಕಿಂತ ಉತ್ತಮವಾದ ಕಾವಲಿದೆ: ಹಗಲೆಲ್ಲ ತೆರೆದಿರುವ ಬಾಗಿಲು, ಎದುರು ಹೊಸ್ತಿಲಲ್ಲಿ ಕುಳಿತ ನೆರೆಯವರು. ಅವರನ್ನು ಕೇಳಿದರೆ ನಿಜ ತಿಳಿಯುತ್ತದೆ. 2022ರಲ್ಲಿ ಗುತ್ತಿಗೆ ನಿರ್ಧಾರವಾದ ಪುನರಭಿವೃದ್ಧಿ ಯೋಜನೆಯಂತೆ ಈ ಮನೆಗಳು ಬಹುಮಹಡಿಗೆ ಏರಿದಾಗ ಶೌಚಾಲಯ, ನೀರು ಮನೆಯೊಳಗೇ ಬರುತ್ತವೆ, ಅದು ದೊಡ್ಡ ಲಾಭವೇ. ಬಾಗಿಲುಗಳು ಮುಚ್ಚಿಕೊಂಡರೆ ಈ ಕಾವಲಿನ ಗತಿಯೇನೆಂದು ಯಾವ ನಕ್ಷೆಯೂ ತೋರಿಸುವುದಿಲ್ಲ.

ಇನ್ನು ಹಣದ ವಿಚಾರ. ಇದು ಗುಣದಿಂದ ಬೇರೆಯಾದ ವಿಷಯವೆಂದು ಭಾವಿಸುವುದೇ ತಪ್ಪು. ಉದಾಹರಣೆಗಾಗಿ ಒಂದು ಮಗುವಿಗೆ ತಿಂಗಳಿಗೆ 1,500 ರೂಪಾಯಿ ಎಂದು ಹಿಡಿಯೋಣ. ನಾಲ್ಕು ಮಕ್ಕಳಿಂದ 6,000. ಹಾಲು, ಅನ್ನ, ಸಾಬೂನು, ವಿದ್ಯುತ್ತಿಗೆ 1,500 ಕಳೆದರೆ ಉಳಿಯುವುದು 4,500. ಇಪ್ಪತ್ತಾರು ದಿನಗಳಿಗೆ ಹಂಚಿದರೆ ದಿನಕ್ಕೆ 173. ಹತ್ತು ಗಂಟೆಯ ದುಡಿಮೆಗೆ ಗಂಟೆಗೆ 17 ರೂಪಾಯಿ. ಇಷ್ಟರಲ್ಲಿ ಬದುಕಲಾರದ ಹೆಂಗಸು ಎಂಟು ಮಕ್ಕಳನ್ನು ಸೇರಿಸಿಕೊಳ್ಳುತ್ತಾಳೆ, ಇಲ್ಲವೆ ಮಕ್ಕಳ ನಡುವೆ ಕುಳಿತು ಬಟ್ಟೆಯ ದಾರ ಕತ್ತರಿಸುವ ಕೆಲಸವನ್ನೂ ಮಾಡುತ್ತಾಳೆ. ಆಗ ಕೋಣೆಯಲ್ಲಿ ಕತ್ತರಿಯೂ ಇರುತ್ತದೆ. ಸರಕಾರದ ರಾಷ್ಟ್ರೀಯ ಶಿಶುಗೃಹ ಯೋಜನೆಯೇ 25 ಮಕ್ಕಳಿಗೆ ಒಬ್ಬ ಕಾರ್ಯಕರ್ತೆ ಮತ್ತು ಒಬ್ಬ ಸಹಾಯಕಿ ಎಂದಿತ್ತು. ಒಬ್ಬಳೇ ಎಂಟು ಕೂಸುಗಳನ್ನು, ಅದರಲ್ಲೂ ನಡೆಯಲಾರದ ಎಂಟನ್ನು, ನೋಡಿಕೊಳ್ಳುವುದು ಅದಕ್ಕಿಂತ ಸುಲಭವಲ್ಲ. ಇನ್ನೂರು ರೂಪಾಯಿ ಚೌಕಾಸಿ ಮಾಡಿ ಉಳಿಸಿದ ತಾಯಿ ಒಂಬತ್ತನೆಯ ಮಗುವಿಗೆ ತಾನೇ ಬಾಗಿಲು ತೆರೆದಂತಾಗುತ್ತದೆ. ನಾಲ್ವರು ತಾಯಂದಿರು ಕೂಡಿ ತುಸು ಹೆಚ್ಚು ಕೊಟ್ಟು, ‘ಐದನೆಯದು ಬೇಡ’ ಎಂಬ ಒಪ್ಪಂದ ಮಾಡಿಕೊಳ್ಳುವುದು ಜಾಣತನ. ಕೂಸು ಬಾರದ ದಿನಗಳ ಹಣವನ್ನು ಮುರಿಯಕೂಡದು. ಕೊಟ್ಟದ್ದನ್ನು ಒಂದು ಸಣ್ಣ ವಹಿಯಲ್ಲಿ ತಾರೀಖು ಸಹಿತ ಬರೆಯುವ ರೂಢಿ ಇಬ್ಬರಿಗೂ ಹಿತ.

ಅಂತಿಮ ಲೆಕ್ಕಪತ್ರ ಕೂಸಿನ ಮೈಯಲ್ಲೇ ಇದೆ. ತಿಂಗಳಿಗೊಮ್ಮೆ ಅಂಗನವಾಡಿಯಲ್ಲಿ ತೂಕ ಹಾಕಿಸಿ, ಆರು ತಿಂಗಳು ತುಂಬಿದ ಕೂಸಿನ ತೋಳಿನ ಸುತ್ತಳತೆಯನ್ನು ಪಟ್ಟಿಯಿಂದ ನೋಡಿಸಬೇಕು. 12.5 ಸೆಂಟಿಮೀಟರಿಗಿಂತ ಕಡಿಮೆಯಾದರೆ ಎಚ್ಚರಿಕೆ, 11.5ಕ್ಕೂ ಕೆಳಗಿದ್ದರೆ ತಡಮಾಡದೆ ವೈದ್ಯರ ಬಳಿಗೆ. ಸಾಯನ್ ಆಸ್ಪತ್ರೆಯಲ್ಲಿ ನವಜಾತ ಶಿಶುಗಳ ವೈದ್ಯರಾಗಿದ್ದು, 1989ರಲ್ಲಿ ಅಲ್ಲಿ ದೇಶದ ಮೊದಲ ತಾಯಿಹಾಲಿನ ಬ್ಯಾಂಕನ್ನು ಸ್ಥಾಪಿಸಿದ ಡಾ. ಆರ್ಮಿಡಾ ಫರ್ನಾಂಡಿಸ್ ಅವರು 1999ರಲ್ಲಿ ಆರಂಭಿಸಿದ ‘ಸ್ನೇಹಾ’ ಸಂಸ್ಥೆ ಧಾರಾವಿಯ ಅಂಗನವಾಡಿಗಳೊಡನೆ ಕೂಡಿ ಮಕ್ಕಳ ಅಪೌಷ್ಟಿಕತೆಯ ವಿರುದ್ಧ ದೀರ್ಘಕಾಲ ದುಡಿದಿದೆ. ಬೆಳಿಗ್ಗೆ ಬಿಟ್ಟು ಹೊರಡುವಾಗ ಕೂಸು ಅಳುವುದರಿಂದ ಗಾಬರಿಪಡಬೇಕಿಲ್ಲ. ಎಂಟು-ಒಂಬತ್ತು ತಿಂಗಳಾದ ಮೇಲೆ ಅದು ಬೆಳವಣಿಗೆಯ ಸಹಜ ಲಕ್ಷಣ. ಸಂಜೆ ಆ ಮನೆಯವಳ ಸೊಂಟದಿಂದ ಇಳಿಯಲು ತುಸು ಮುನಿಸು ತೋರಿದರೆ ಅದು ಶುಭಸೂಚನೆ. ವಾರಗಳು ಕಳೆದರೂ ಆ ಓಣಿಯ ತಿರುವಿನಲ್ಲೇ ಮೈ ಬಿಗಿಹಿಡಿಯುವ, ಮೈಮೇಲೆ ಕಾರಣ ಹೇಳಲಾಗದ ಕಲೆಗಳಿರುವ, ಆಡುತ್ತಿದ್ದ ಎರಡು ಮಾತನ್ನೂ ಬಿಟ್ಟ ಮಗುವಿನ ವಿಷಯ ಬೇರೆ. ಆ ದಿನವೇ ಮನೆ ಬದಲಿಸಬೇಕು.

ಪಾಳಣಾಘರದ ಗೋಡೆಗೆ ಒಂದು ಕಾಗದ ಅಂಟಿಸಿರಲಿ. ಅದರಲ್ಲಿ ಪ್ರತಿ ಮಗುವಿನ ಹೆಸರು, ತಾಯಿಯ ಫೋನ್ ಸಂಖ್ಯೆ, ತಾಯಿ ಸಿಗದಿದ್ದರೆ ಕರೆಯಬೇಕಾದವರ ಸಂಖ್ಯೆ, ಆಂಬುಲೆನ್ಸಿನ 108, ಮಕ್ಕಳ ಸಹಾಯವಾಣಿಯ 1098 ದಪ್ಪ ಅಕ್ಷರದಲ್ಲಿರಬೇಕು. ಓದಲು ಬಾರದ ಮನೆಯವಳಿಗೆ ಎದುರುಮನೆಯ ಶಾಲೆಯ ಹುಡುಗಿಯೊಬ್ಬಳು ಓದಿ ಹೇಳಬಲ್ಲಳು. ಮಳೆಗಾಲದಲ್ಲಿ ಹಳಿಯ ಮೇಲೆ ನೀರು ನಿಂತು ಲೋಕಲ್ ರೈಲುಗಳು ನಿಂತ ರಾತ್ರಿ ಕೂಸು ಎಲ್ಲಿ ಮಲಗುತ್ತದೆ, ಯಾರ ಕೈಗೆ ಕೊಡಬಹುದು, ಯಾರು ಬಂದು ಕೇಳಿದರೂ ಕೊಡಕೂಡದು ಎಂಬುದನ್ನು ಜೂನ್ ತಿಂಗಳು ಬರುವ ಮುನ್ನವೇ ಮಾತಾಡಿ, ಅದೇ ಕಾಗದದ ಕೆಳಗೆ ಬರೆಸಿಡತಕ್ಕದ್ದು.